ಸಾವಕಾಶದ ವಿಚಾರ

‘ದೇಶ ಸುತ್ತು, ಕೋಶ ಓದು’ ಎಂಬುದು ಹಳೆಯ ಗಾದೆ. ಜ್ಞಾನಕ್ಕೆ ಎರಡು ಬಾಗಿಲುಗಳುಂಟೆಂದು ಅದು ತಿಳಿಸುವುದೇ ಹೊರತು, ಅವನ್ನು ಯಾವ ವೇಗದಲ್ಲಿ ದಾಟಬೇಕೆಂಬುದನ್ನು ತಿಳಿಸುವುದಿಲ್ಲ. ಕೋಶವನ್ನು ಅವಸರದಿಂದ ತಿರುವಿಹಾಕಿದವನು ಓದಿದವನಾಗಲಾರನೆಂಬುದನ್ನು ಎಲ್ಲರೂ ಒಪ್ಪುವರು. ದೇಶವನ್ನು ಅವಸರದಿಂದ ಸುತ್ತಿದವನ ವಿಷಯದಲ್ಲಾದರೋ ಲೋಕವು ಅಷ್ಟು ಕಟ್ಟುನಿಟ್ಟಾಗಿಲ್ಲ. ಅವನು ಎಷ್ಟು ಊರುಗಳನ್ನು ಕಂಡನೆಂದು ಕೇಳುವವರು ಬಹಳ ಮಂದಿ. ಹೇಗೆ ಕಂಡನೆಂದು ಕೇಳುವವರು ವಿರಳ. ಆದುದರಿಂದಲೇ ವಿಹಾರಕ್ಕೆಂದು ಹೊರಟ ಮನುಷ್ಯನು ಅನೇಕ ವೇಳೆ ಕಚೇರಿಯಿಂದ ಹಿಂದಿರುಗಿದವನಿಗಿಂತ ಹೆಚ್ಚು ಬಳಲಿ ಮನೆಗೆ ಬರುವುದುಂಟು.

ಜಪಾನು ದೇಶದ ಓಸಾಕಾ ನಗರದಲ್ಲಿ ವಾಸವಾಗಿರುವ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಅವನಿಗೆ ಒಂದು ದಿನದ ಬಿಡುವು ದೊರೆತಿದೆ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆ; ಹತ್ತು ವರ್ಷದ ಮಗಳಿದ್ದಾಳೆ. ಪಶ್ಚಿಮಕ್ಕೆ ಸುಮಾರು ೩೦ ಕಿಲೋಮೀಟರು ದೂರದಲ್ಲಿ ಕೋಬೆ ಎಂಬ ರೇವುಪಟ್ಟಣವಿದೆ. ಬೆಳಗ್ಗೆ ರೈಲಿನಲ್ಲಿ ಹೋಗಿ, ಸಮುದ್ರದ ಗಾಳಿ ಕುಡಿದು, ಸಂಜೆಗೆ ಹಿಂದಿರುಗಬೇಕು, ಯಾರಿಗೂ ಆತುರವಾಗಬಾರದು, ಇದೇ ಅವನ ಸಂಕಲ್ಪ. ಹಿಂದಿನ ರಾತ್ರಿ ಅವನು ಕಾಗದವನ್ನು ಮುಂದಿಟ್ಟುಕೊಂಡು ಮರುದಿನದ ಕ್ರಮವನ್ನು ಬರೆಯಲು ಕೂರುವನು. ಬರೆಯತೊಡಗಿದೊಡನೆಯೇ ಒಂದು ತೊಡಕು ಕಾಣಿಸಿಕೊಳ್ಳುವುದು. ಆತುರವಿಲ್ಲದಿರುವುದನ್ನು ಮೊದಲೇ ಗೊತ್ತುಮಾಡಿಡುವುದು ಸಾಧ್ಯವೆ? ಗೊತ್ತುಮಾಡಿದ ವಿರಾಮವು ವಿರಾಮವಾಗಿ ಉಳಿಯುವುದೆ?

ಪ್ರಶ್ನೆಯು ಚಿಕ್ಕದೆಂದು ತೋರಬಹುದು. ಆದರೆ ಮನುಷ್ಯನು ತನ್ನ ಹೊತ್ತನ್ನು ಹೇಗೆ ಬಳಸುವನೆಂಬುದರಲ್ಲಿ ಅವನು ಇತರರನ್ನು ಹೇಗೆ ಬಳಸುವನೆಂಬುದೂ ಅಡಗಿರುವುದು. ಒಂದು ದಿನದ ವಿಹಾರವನ್ನು ಸರಿಯಾಗಿ ವಿಚಾರಿಸಿದರೆ ಸಂಗಡಿಗರು, ಕೆಲಸಗಾರರು, ಹೋಗಿ ನೋಡುವ ಊರಿನವರು, ಆ ಊರಿನಲ್ಲಿ ಮಡಿದವರು ಎಲ್ಲರೂ ಆ ವಿಚಾರದೊಳಗೆ ಬಂದು ನಿಲ್ಲುವರು.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಮೊದಲನೆಯ ಪಕ್ಷದವರು ಹೀಗೆನ್ನುವರು: ವಿರಾಮಕ್ಕೆ ವೇಳಾಪಟ್ಟಿಯನ್ನು ಹಾಕುವುದು, ಹಕ್ಕಿಗೆ ಹಾರುವ ದಾರಿಯನ್ನು ಬರೆದುಕೊಟ್ಟಂತೆ. ವರ್ಷವೆಲ್ಲ ಗಡಿಯಾರದ ಊಳಿಗ ಮಾಡುವ ಮನುಷ್ಯನು ಒಂದು ದಿನವಾದರೂ ಅದರ ಕಣ್ಣು ತಪ್ಪಿಸಿಕೊಳ್ಳಬೇಕು. ಎದ್ದಾಗ ಏಳಲಿ, ಸಿಕ್ಕಿದ ಗಾಡಿಯನ್ನು ಹತ್ತಲಿ, ಕಾಲು ಎಳೆದತ್ತ ನಡೆಯಲಿ. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಏನನ್ನೂ ಗೊತ್ತುಮಾಡದ ದಿನದ ಭಾರವನ್ನು ಹೊರುವವರು ಯಾರೆಂಬುದನ್ನು ಆ ಪಕ್ಷದವರು ಕೇಳಿಕೊಳ್ಳುವುದಿಲ್ಲ. ಮಗನು ಕಾಲು ಎಳೆದತ್ತ ನಡೆಯುವಾಗ ತಾಯಿಯ ಕಾಲು ಎತ್ತ ಎಳೆಯುವುದು? ಎಲ್ಲಿ ಕುಳಿತುಕೊಳ್ಳಬಹುದು, ಎಷ್ಟು ಹೊತ್ತಿಗೆ ಊಟ, ಇನ್ನೂ ಎಷ್ಟು ದೂರ, ಎಂಬ ಪ್ರಶ್ನೆಗಳು ಅವಳ ಮನಸ್ಸಿನಲ್ಲಿ ಹುಟ್ಟಿ, ಮಗನ ಸಂತೋಷಕ್ಕೆ ಅಡ್ಡಿಯಾದೀತೆಂಬ ಸಂಕೋಚದಿಂದ ಅಲ್ಲಿಯೇ ಅಡಗುವುವು. ಕೇಳಿದರೆ ತನಗೇನೂ ಆಯಾಸವಿಲ್ಲವೆಂದೇ ಅವಳು ಹೇಳುವಳು. ಒಬ್ಬನ ಸ್ವೇಚ್ಛೆಯು ಇನ್ನೊಬ್ಬಳ ತಾಳ್ಮೆಯ ಖರ್ಚಿನಲ್ಲಿ ನಡೆದರೆ ಅದಕ್ಕೆ ವಿರಾಮವೆಂಬ ಹೆಸರು ಸಲ್ಲದು.

ಎರಡನೆಯ ಪಕ್ಷದವರು ಇದಕ್ಕೆ ನೇರ ವಿರೋಧವಾಗಿ ನಡೆಯುವರು. ಇರುವುದು ಒಂದೇ ದಿನ. ಅದರಲ್ಲಿ ಒಂದು ಘಳಿಗೆಯೂ ವ್ಯರ್ಥವಾಗಬಾರದು. ಒಂಬತ್ತೂವರೆಗೆ ಜಲಪಾತ, ಹನ್ನೊಂದಕ್ಕೆ ಬೆಟ್ಟದ ಮೇಲಿನ ಹಳೆಯ ಪರದೇಶೀಯರ ಮನೆಗಳು, ಹನ್ನೆರಡೂವರೆಗೆ ಚೀನೀಯರ ಬೀದಿಯಲ್ಲಿ ಊಟ, ಎರಡಕ್ಕೆ ರೇವಿನ ಗೋಪುರ, ಮೂರಕ್ಕೆ ವಸ್ತುಪ್ರದರ್ಶನಶಾಲೆ. ಹೀಗೆ ಅವರ ಕಾಗದ ತುಂಬುವುದು. ಇವರು ಸಂಗಡಿಗರ ವಿಷಯದಲ್ಲಿ ಅಲಕ್ಷ್ಯರಲ್ಲ. ಊಟದ ಹೊತ್ತು, ಕುಳಿತುಕೊಳ್ಳುವ ಹೊತ್ತು ಎರಡನ್ನೂ ಬರೆದಿಟ್ಟಿರುವರು. ಆದರೆ ಮಗುವು ರೇವಿನಲ್ಲಿ ಹಡಗಿನ ಹಗ್ಗವನ್ನು ಬಿಚ್ಚುವುದನ್ನು ನೋಡುತ್ತ ಮೈಮರೆತು ನಿಂತರೆ, ಅದು ಅವರಿಗೆ ಹತ್ತು ನಿಮಿಷದ ನಷ್ಟವಾಗಿ ಕಾಣುವುದು. ಅಜ್ಜಿಯು ಬೆಂಚಿನ ಮೇಲೆ ಕುಳಿತು ಹಳೆಯ ಕಥೆಯೊಂದನ್ನು ಆರಂಭಿಸಿದರೆ, ಅದು ಮೂರು ಗಂಟೆಯ ವಸ್ತುಪ್ರದರ್ಶನಶಾಲೆಗೆ ಬಂದ ವಿಘ್ನವಾಗುವುದು. ಯಾವುದನ್ನು ಅರಸಿ ಮನೆಯಿಂದ ಹೊರಟರೋ ಅದೇ ಎದುರಿಗೆ ಬಂದು ನಿಂತಾಗ, ಅದಕ್ಕೆ ಕೊಡಲು ಅವರಲ್ಲಿ ಸಮಯವಿರುವುದಿಲ್ಲ.

ಈ ಎರಡು ಪಕ್ಷಗಳ ತಪ್ಪೂ ಒಂದೇ ಬೇರಿನಿಂದ ಹುಟ್ಟಿದುದು. ವಿರಾಮವೆಂದರೆ ವೇಗದ ಪ್ರಶ್ನೆಯೆಂದು ಎರಡೂ ತಿಳಿದಿವೆ. ಕನ್ನಡದಲ್ಲಿ ಬಳಕೆಯಲ್ಲಿರುವ ‘ಸಾವಕಾಶ’ ಎಂಬ ಮಾತು ಇಲ್ಲಿ ಹೆಚ್ಚಿನ ಬೆಳಕನ್ನು ಕೊಡಬಲ್ಲುದು. ರೂಢಿಯಲ್ಲಿ ಅದಕ್ಕೆ ನಿಧಾನವೆಂದೇ ಅರ್ಥ. ಆದರೆ ಶಬ್ದವನ್ನು ಬಿಡಿಸಿ ನೋಡಿದರೆ ಅಲ್ಲಿ ನಿಧಾನದ ಸುಳಿವೇ ಇಲ್ಲ. ಅವಕಾಶವೆಂದರೆ ಎಡೆ, ತೆರಪು. ಅವಕಾಶದಿಂದ ಕೂಡಿದುದು ಸಾವಕಾಶ. ನಿಧಾನವಾಗಿದ್ದರೂ ತೆರಪಿಲ್ಲದಿರುವುದು ಸಾಧ್ಯ. ನೂಕುನುಗ್ಗಲಿನ ಸಾಲಿನಲ್ಲಿ ಸಿಕ್ಕಿಕೊಂಡವನು ಇಂಚಿಂಚಾಗಿ ಸರಿಯುವನು, ಆದರೆ ಅವನಿಗೆ ಸಾವಕಾಶವಿಲ್ಲ. ವೇಗವಾಗಿದ್ದರೂ ತೆರಪಿರುವುದು ಸಾಧ್ಯ. ಓಡುವ ಗಾಡಿಯಲ್ಲಿ ಕಿಟಕಿಯ ಬಳಿ ಕುಳಿತು ಹೊಲಮನೆಗಳನ್ನು ನೋಡುವವನು ಸಾವಕಾಶವಾಗಿಯೇ ಇದ್ದಾನೆ. ಆದುದರಿಂದ ಕೇಳಬೇಕಾದ ಪ್ರಶ್ನೆಯು ಎಷ್ಟು ಮೆಲ್ಲಗೆ ಹೋಗಬೇಕೆಂಬುದಲ್ಲ. ಎಷ್ಟು ಎಡೆಯನ್ನು, ಯಾರಿಗಾಗಿ, ಎಲ್ಲಿ ಬಿಡಬೇಕೆಂಬುದು. ಎಡೆಯನ್ನು ಬಿಡುವುದಕ್ಕಾದರೆ ಮುಂದಾಲೋಚನೆಯು ಬೇಕೇ ಬೇಕು. ಮನೆಯನ್ನು ಕಟ್ಟುವವನು ಅಂಗಳಕ್ಕೆ ಮೊದಲೇ ಜಾಗವನ್ನು ಬಿಡದಿದ್ದರೆ ಆಮೇಲೆ ಅಂಗಳವು ತಾನಾಗಿ ಹುಟ್ಟುವುದಿಲ್ಲ.

ಮೊದಲು ಪ್ರಯಾಣದ ಹೊತ್ತನ್ನೇ ತೆಗೆದುಕೊಳ್ಳಬಹುದು. ಓಸಾಕಾದಿಂದ ಕೋಬೆಗೆ ಮೂರು ರೈಲುದಾರಿಗಳು ಬಹುಮಟ್ಟಿಗೆ ಸಮಾನಾಂತರವಾಗಿ ಓಡುವುವು. ೧೮೭೪ರಲ್ಲಿ ಸರ್ಕಾರವು ಹಾಕಿಸಿದ ದಾರಿ ನಡುವಿನದು. ೧೯೦೫ರಲ್ಲಿ ಆರಂಭವಾದ ಹಾನ್‌ಶಿನ್ ದಾರಿಯು ಕಡಲಿನ ಮಗ್ಗುಲಿಗಿದೆ. ೧೯೨೦ರಲ್ಲಿ ಆರಂಭವಾದ ಹಾಂಕ್ಯೂ ದಾರಿಯು ಬೆಟ್ಟದ ಮಗ್ಗುಲಿಗಿದೆ. ನಡುವಿನ ದಾರಿಯ ಅತಿ ವೇಗದ ಗಾಡಿಯು ಕೋಬೆಯ ಸಾನ್ನೊಮಿಯಾ ಸ್ಟೇಷನ್ನನ್ನು ಇಪ್ಪತ್ತು ನಿಮಿಷಗಳಿಗೆ ತುಸು ಮೀರಿದ ಹೊತ್ತಿನಲ್ಲಿ ಮುಟ್ಟುವುದು. ಉಳಿದೆರಡು ದಾರಿಗಳ ವೇಗದ ಗಾಡಿಗಳಿಗೆ ಸುಮಾರು ಅರ್ಧ ಗಂಟೆ ಬೇಕು. ಎಲ್ಲ ಸ್ಟೇಷನ್ನುಗಳಲ್ಲಿಯೂ ನಿಲ್ಲುವ ಸಾದಾ ಗಾಡಿಗಳಿಗೆ ಇನ್ನೂ ಹೆಚ್ಚು. ಹಿಂದಿನ ರಾತ್ರಿ ಕಾಗದವನ್ನು ಹಿಡಿದು ಕುಳಿತ ಗೃಹಸ್ಥನ ಮೊದಲ ತೀರ್ಮಾನವೇ ಇದು: ಹತ್ತು ನಿಮಿಷಗಳನ್ನು ಉಳಿಸಬೇಕೆ, ಬಿಟ್ಟುಕೊಡಬೇಕೆ? ವ್ಯಾಪಾರದ ಲೆಕ್ಕದಲ್ಲಿ ಉತ್ತರವು ಸುಲಭ. ಆದರೆ ಬೆಳಗಿನ ಕಚೇರಿಯ ಹೊತ್ತಿನಲ್ಲಿ ವೇಗದ ಗಾಡಿಯಲ್ಲಿ ಕಂಬವನ್ನು ಹಿಡಿದು ನಿಂತು ಹೋಗುವ ತಾಯಿಗೂ, ಒಂಬತ್ತೂವರೆಯ ಅನಂತರ ಸಾದಾ ಗಾಡಿಯಲ್ಲಿ ಕುಳಿತು, ಒಂದು ಕಡೆ ರೊಕ್ಕೊ ಬೆಟ್ಟದ ಸಾಲನ್ನು ನೋಡುತ್ತ ಹೋಗುವ ತಾಯಿಗೂ ಇರುವ ಅಂತರವು ಹತ್ತು ನಿಮಿಷಗಳ ಲೆಕ್ಕದಲ್ಲಿ ಸಿಕ್ಕುವುದಿಲ್ಲ.

ಜಪಾನಿನಲ್ಲಿ ಈ ನಿಮಿಷದ ಲೆಕ್ಕವೇ ಬಹಳ ಹಳೆಯದಲ್ಲ. ಅಲ್ಲಿ ಹಿಂದೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಆರು ಭಾಗ, ರಾತ್ರಿಯನ್ನು ಆರು ಭಾಗ ಮಾಡುತ್ತಿದ್ದರು. ಬೇಸಗೆಯಲ್ಲಿ ಹಗಲಿನ ಭಾಗವು ಹಿಗ್ಗುವುದು, ಚಳಿಗಾಲದಲ್ಲಿ ಕುಗ್ಗುವುದು. ಟೋಕಿಯೋ ನಗರದ ಶಿಂಬಾಶಿಯಿಂದ ಯೋಕೊಹಾಮಾ ರೇವಿಗೆ ಮೊದಲನೆಯ ರೈಲು ಓಡಿದುದು ೧೮೭೨ರಲ್ಲಿ. ಮರುವರ್ಷ, ೧೮೭೩ರ ಜನವರಿ ೧ರಿಂದ, ಪಾಶ್ಚಾತ್ಯ ಪಂಚಾಂಗವೂ ಸಮನಾದ ಇಪ್ಪತ್ತನಾಲ್ಕು ಗಂಟೆಗಳ ದಿನವೂ ಆಚರಣೆಗೆ ಬಂದವು. ಹಿಗ್ಗಿ ಕುಗ್ಗುವ ಹೊತ್ತಿನಲ್ಲಿ ಬದುಕಿದ್ದ ಜನರು ರೈಲುಗಾಡಿಯ ಜೊತೆಗೆ ನಿಮಿಷಗಳನ್ನೂ ಕಲಿತರು. ಬಹಳ ಚೆನ್ನಾಗಿ ಕಲಿತರು. ಇಂದು ಆ ದೇಶದ ಗಾಡಿಗಳ ಕಾಲನಿಷ್ಠೆಯು ಲೋಕಪ್ರಸಿದ್ಧವಾಗಿದೆ. ವಿಹಾರಕ್ಕೆ ಹೊರಟವನ ನೆಮ್ಮದಿಗೆ ಅದೇ ಆಧಾರ. ಒಂದು ಗಾಡಿ ತಪ್ಪಿದರೂ ಇನ್ನೊಂದು ಹೇಳಿದ ಹೊತ್ತಿಗೆ ಬರುವುದೆಂಬ ಭರವಸೆಯಿಲ್ಲದಿದ್ದರೆ ಅವನು ರೇವಿನಲ್ಲಿ ಕುಳಿತು ಅಲೆಗಳನ್ನು ಎಣಿಸಲಾರನು.

ಆದರೆ ಆ ಭರವಸೆಯ ಬೆಲೆಯನ್ನು ಯಾರು ತೆರುವರು? ಇಲ್ಲಿ ವಿಚಾರವು ಹಗುರವಾಗಿ ಉಳಿಯಲಾರದು. ಕೋಬೆಗೆ ಹೋಗುವ ದಾರಿಯಲ್ಲಿ ಓಸಾಕಾವನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಆಮಾಗಾಸಾಕಿ ಎಂಬ ಊರು ಸಿಕ್ಕುವುದು. ಅಲ್ಲಿ ಬಂದು ಸೇರುವ ಫುಕುಚಿಯಾಮಾ ಶಾಖೆಯ ದಾರಿಯಲ್ಲಿ ೨೦೦೫ರ ಏಪ್ರಿಲ್ ೨೫ರ ಬೆಳಗ್ಗೆ ಒಂದು ಗಾಡಿಯು ತಿರುವಿನಲ್ಲಿ ಹಳಿ ತಪ್ಪಿ, ಪಕ್ಕದ ವಸತಿಗೃಹದ ಕಟ್ಟಡಕ್ಕೆ ಬಡಿಯಿತು. ೧೦೬ ಮಂದಿ ಪ್ರಯಾಣಿಕರೂ ಗಾಡಿಯ ಚಾಲಕನೂ ಮಡಿದರು. ಗಾಯಗೊಂಡವರು ಐನೂರಕ್ಕೂ ಹೆಚ್ಚು. ಚಾಲಕನ ವಯಸ್ಸು ೨೩. ಹಿಂದಿನ ಸ್ಟೇಷನ್ನಿನಲ್ಲಿ ಅವನು ಗಾಡಿಯನ್ನು ನಿಲ್ಲಿಸಬೇಕಾದ ಸ್ಥಳಕ್ಕಿಂತ ಮುಂದೆ ನಿಲ್ಲಿಸಿ, ಹಿಂದಕ್ಕೆ ತರಬೇಕಾಗಿ ಬಂದಿತ್ತು. ಅದರಿಂದ ಆದ ವಿಳಂಬವು ಎರಡು ನಿಮಿಷಗಳನ್ನೂ ತುಂಬದು. ಗಂಟೆಗೆ ೭೦ ಕಿಲೋಮೀಟರು ಮೀರಬಾರದ ತಿರುವಿಗೆ ಗಾಡಿಯು ಸುಮಾರು ೧೧೬ ಕಿಲೋಮೀಟರು ವೇಗದಲ್ಲಿ ನುಗ್ಗಿತು. ತಪ್ಪು ಮಾಡಿದ ಚಾಲಕರಿಗೆ ಶಿಕ್ಷೆಯಂತಿದ್ದ ಮರುಶಿಕ್ಷಣದ ಪದ್ಧತಿಯೊಂದು ಆಗ ನಡೆಯುತ್ತಿತ್ತು. ಅದರ ಭಯವು ಆ ಯುವಕನ ಗಮನವನ್ನು ಕದಡಿರಬಹುದೆಂಬುದನ್ನು ತನಿಖೆಯ ಮಂಡಲಿಯು ೨೦೦೭ರ ತನ್ನ ವರದಿಯಲ್ಲಿ ಎತ್ತಿತೋರಿಸಿತು.

ಈ ದುರಂತಕ್ಕೂ ವಿಹಾರಕ್ಕೆ ಹೊರಟ ಗೃಹಸ್ಥನಿಗೂ ಏನು ಸಂಬಂಧವೆಂದು ಕೇಳಬಹುದು. ಅವನು ಯಾರನ್ನೂ ಅವಸರಪಡಿಸಲಿಲ್ಲ. ಹೌದು, ಒಬ್ಬೊಬ್ಬನನ್ನೇ ತೆಗೆದುಕೊಂಡರೆ ಯಾರೂ ಅವಸರಪಡಿಸಲಿಲ್ಲ. ಆದರೆ ಹೆಚ್ಚು ಬೇಗ ಮುಟ್ಟಿಸುವ ದಾರಿಯನ್ನೇ ಆರಿಸಿಕೊಳ್ಳುವವರು, ಒಂದು ಗಾಡಿಯಿಂದ ಇನ್ನೊಂದಕ್ಕೆ ಬದಲಾಯಿಸಲು ಎರಡೇ ನಿಮಿಷಗಳನ್ನು ಇಟ್ಟುಕೊಂಡು ದಿನವನ್ನು ಹೆಣೆಯುವವರು, ಅದು ತಪ್ಪಿದಾಗ ಸ್ಟೇಷನ್ನಿನ ನೌಕರನ ಮೇಲೆ ಕಣ್ಣು ಕೆಂಪಗೆ ಮಾಡುವವರು ಲಕ್ಷಾಂತರ ಮಂದಿ ಸೇರಿದಾಗ, ಆ ಎಲ್ಲರ ಆತುರವೂ ಇಳಿಜಾರಿನ ನೀರಿನಂತೆ ಹರಿದು ಹೋಗಿ ಎಲ್ಲಿಯೋ ಒಬ್ಬ ಚಾಲಕನ ತಲೆಯ ಮೇಲೆ ನಿಲ್ಲುವುದು. ಪೈಪೋಟಿಯಿಂದ ನಡೆಯುವ ಮೂರು ದಾರಿಗಳಿರುವೆಡೆಯಲ್ಲಿ ಈ ಒತ್ತಡವು ಕಡಮೆಯಾಗುವ ಸಂಭವವಿಲ್ಲ. ಪಾಪವನ್ನು ಹಂಚಿಕೊಂಡಾಗ ಒಬ್ಬೊಬ್ಬನ ಪಾಲು ಕಣ್ಣಿಗೆ ಕಾಣದಷ್ಟು ಸಣ್ಣದಾಗಬಹುದು, ಇಲ್ಲವಾಗುವುದಿಲ್ಲ. ಅಪರಾಧದ ಹೊಣೆಯು ಆಡಳಿತದವರಿಗೆ ಸೇರಿದುದು ನಿಜ. ಆದರೆ ಆಡಳಿತದವರು ಮಾರುವುದು ಕೊಳ್ಳುವವರಿರುವ ಪದಾರ್ಥವನ್ನು. ತನ್ನ ದಿನದಲ್ಲಿ ಹತ್ತು ನಿಮಿಷಗಳ ತೆರಪನ್ನು ಬಿಟ್ಟುಕೊಂಡ ಪ್ರಯಾಣಿಕನು ಆ ಪದಾರ್ಥದ ಗಿರಾಕಿಯಾಗುವುದನ್ನು ನಿಲ್ಲಿಸಿದ್ದಾನೆ. ಅದು ಅತ್ಯಲ್ಪವಾದ ಧರ್ಮ, ಆದರೂ ಧರ್ಮವೇ.

ಆ ಅಪಘಾತದ ಅನಂತರ ಗಾಡಿಗಳ ವೇಳಾಪಟ್ಟಿಯನ್ನು ತಿದ್ದಿ, ಓಟದ ಕಾಲಕ್ಕೂ ನಿಲುಗಡೆಗೂ ಸ್ವಲ್ಪ ಸಡಿಲವನ್ನು ಸೇರಿಸಿದರು. ಆ ಸಡಿಲಕ್ಕೆ ಜಪಾನೀಯರು ಬಳಸುವ ಮಾತು ‘ಯುತೋರಿ’. ಕಾಲದಲ್ಲಿ, ಹಣದಲ್ಲಿ, ಸ್ಥಳದಲ್ಲಿ, ಮನಸ್ಸಿನಲ್ಲಿ ಒತ್ತರಿಸದೆ ಉಳಿದ ಎಡೆಗೆ ಆ ಹೆಸರು. ಕನ್ನಡದ ಸಾವಕಾಶವೂ ಅದೂ ಬೇರೆ ಬೇರೆ ನೆಲದಲ್ಲಿ ಹುಟ್ಟಿ ಒಂದೇ ಅರ್ಥದ ಕಡೆಗೆ ಬಾಗಿದ ಕೊಂಬೆಗಳಂತಿವೆ.

ಇನ್ನು ಊರಿನ ವಿಷಯ. ಬೆಟ್ಟ ಮತ್ತು ಕಡಲುಗಳ ನಡುವೆ ಇಕ್ಕಟ್ಟಾದ ಪಟ್ಟಿಯಂತೆ ಹಬ್ಬಿರುವ ಕೋಬೆಯಲ್ಲಿ ದಾರಿ ತಪ್ಪುವುದು ಕಷ್ಟ. ಅಲ್ಲಿಯ ಜನರು ಉತ್ತರ ದಕ್ಷಿಣಗಳೆನ್ನುವುದಕ್ಕೆ ಬದಲಾಗಿ ಬೆಟ್ಟದ ಕಡೆ, ಕಡಲಿನ ಕಡೆ ಎಂದೇ ದಿಕ್ಕನ್ನು ಹೇಳುವುದುಂಟು. ಸ್ಟೇಷನ್ನಿನಿಂದ ಬೆಟ್ಟದ ಕಡೆಗೆ ಹೋದರೆ ೪೩ ಮೀಟರು ಎತ್ತರದಿಂದ ಇಳಿಯುವ ನುನೊಬಿಕಿ ಜಲಪಾತವಿದೆ. ಅದರ ಮೇಲೆ ೧೯೦೦ರಲ್ಲಿ ಕಟ್ಟಿದ ಅಣೆಕಟ್ಟಿನ ನೀರು ಪಟ್ಟಣಕ್ಕೂ ಹಡಗುಗಳಿಗೂ ಒದಗಿತು. ಕಡಲಿನ ಕಡೆಗೆ ಕಾಲು ಗಂಟೆ ನಡೆದರೆ ರೇವು. ಇಂತಹ ಊರಿನಲ್ಲಿ ನಕ್ಷೆಯನ್ನು ಹಿಡಿದು ಒದ್ದಾಡಬೇಕಾಗಿಲ್ಲ. ಭೂಮಿಯೇ ದಾರಿ ಹೇಳುವುದು. ವಿಹಾರಕ್ಕೆ ಹೇಳಿ ಮಾಡಿಸಿದಂತಹ ಪಟ್ಟಣವೆಂದು ಯಾರಿಗಾದರೂ ತೋರುವುದು.

ಆದರೆ ರೇವೆಂಬುದು ವಿಹಾರಕ್ಕಾಗಿ ಹುಟ್ಟಿದುದಲ್ಲ. ೧೮೬೮ರ ಜನವರಿ ೧ರಂದು ಕೋಬೆಯ ರೇವು ಪರದೇಶದ ವ್ಯಾಪಾರಕ್ಕೆ ತೆರೆಯಿತು. ಅಂದಿನಿಂದ ಅಲ್ಲಿ ಬಂದವರೂ ಹೋದವರೂ ಬಹುಮಂದಿ ಹೊಟ್ಟೆಪಾಡಿಗಾಗಿಯೇ ಬಂದು ಹೋದರು. ೧೯೨೩ರ ಭೂಕಂಪದಲ್ಲಿ ಯೋಕೊಹಾಮಾ ಹಾಳಾದಾಗ ಅಲ್ಲಿಯ ಭಾರತೀಯ ವರ್ತಕರಲ್ಲಿ ಅನೇಕರು ಕೋಬೆಗೆ ಬಂದು ನೆಲಸಿದರು. ೧೯೩೫ರಲ್ಲಿ ಕಟ್ಟಿದ ಅಲ್ಲಿಯ ಮಸೀದಿಗೆ ಭಾರತೀಯ ವರ್ತಕರ ಹಣವೂ ಸಂದಿತು. ೧೯೮೫ರಲ್ಲಿ ಒಂದು ಜಿನಾಲಯವೂ ಎದ್ದಿತು. ಇನ್ನೊಂದು ಬಗೆಯ ಪ್ರಯಾಣಿಕರೂ ಉಂಟು. ೧೯೦೮ರ ಏಪ್ರಿಲ್ ೨೮ರಂದು ಕಾಸಾತೊ ಮಾರು ಎಂಬ ಹಡಗು ೭೮೧ ಮಂದಿ ಜಪಾನೀಯರನ್ನು ಹತ್ತಿಸಿಕೊಂಡು ಕೋಬೆಯಿಂದ ಬ್ರೆಜಿಲ್ ದೇಶಕ್ಕೆ ಹೊರಟಿತು. ಅಲ್ಲಿಯ ಕಾಫಿ ತೋಟಗಳಲ್ಲಿ ದುಡಿಯಲು ಹೋದವರು ಅವರು. ಹಾಗೆ ಹೊರಡುವವರು ತಂಗಿರುವುದಕ್ಕಾಗಿ ೧೯೨೮ರಲ್ಲಿ ಸರ್ಕಾರವು ಬೆಟ್ಟದ ತಪ್ಪಲಲ್ಲಿ ಒಂದು ವಲಸೆಗಾರರ ಶಾಲೆಯನ್ನು ಕಟ್ಟಿಸಿತು. ಆ ಕಟ್ಟಡವು ಇಂದಿಗೂ ನಿಂತಿದೆ. ಅಲ್ಲಿ ಕೆಲವು ದಿನಗಳಿದ್ದು, ವೈದ್ಯರ ಪರೀಕ್ಷೆ ಮುಗಿಸಿಕೊಂಡು, ಅರಿಯದ ಭಾಷೆಯ ನಾಲ್ಕು ಮಾತುಗಳನ್ನು ಕಲಿತು, ಬಡ ರೈತರ ಸಂಸಾರಗಳು ಇಳಿಜಾರಿನ ಬೀದಿಯಲ್ಲಿ ರೇವಿಗೆ ನಡೆದು ಬರುತ್ತಿದ್ದುವು. ಅವರ ಬಾಳನ್ನು ಕುರಿತು ಇಶಿಕಾವಾ ತಾತ್ಸುಜೋ ಬರೆದ ‘ಸೋಬೋ’ ಎಂಬ ಕಥನವು ೧೯೩೫ರಲ್ಲಿ ಆಕುತಾಗಾವಾ ಬಹುಮಾನವನ್ನು, ಆ ಬಹುಮಾನವು ಹುಟ್ಟಿದ ಮೊದಲ ಸಲವೇ, ಪಡೆಯಿತು.

ಬೆಳಗ್ಗೆ ಬಂದು ಸಂಜೆಗೆ ಹಿಂದಿರುಗುವವನು ನಡೆಯುವ ದಾರಿಯೂ, ಎಂದಿಗೂ ಹಿಂದಿರುಗದವರು ನಡೆದ ದಾರಿಯೂ ಒಂದೇ. ಒಬ್ಬನಿಗೆ ಸಂಜೆಯ ಗಾಡಿಯ ಖಾತ್ರಿಯಿದೆ. ಇನ್ನೊಬ್ಬನಿಗೆ ಹಡಗಿನ ಶಿಳ್ಳೆಯಾದ ಮೇಲೆ ತಾಯ್ನಾಡಿನ ನೆಲವೇ ಇಲ್ಲ. ಇದನ್ನು ತಿಳಿದೊಡನೆ ವಿಹಾರವು ಕಹಿಯಾಗಬೇಕೆ? ಈ ಪ್ರಶ್ನೆಯು ರೇವಿನ ಅಂಚಿಗೆ ಬಂದಾಗ ಇನ್ನೂ ತೀಕ್ಷ್ಣವಾಗುವುದು. ೧೯೯೫ರ ಜನವರಿ ೧೭ರ ಮುಂಜಾನೆ ೫ ಗಂಟೆ ೪೬ ನಿಮಿಷಕ್ಕೆ ಆ ಸೀಮೆಯಲ್ಲಿ ಭೂಕಂಪವಾಗಿ ೬,೪೩೪ ಮಂದಿ ಪ್ರಾಣ ಕಳೆದುಕೊಂಡರು. ಮೂರು ರೈಲುದಾರಿಗಳೂ ಕಡಿದುಹೋದುವು. ನಡುವಿನ ದಾರಿಯು ಏಪ್ರಿಲ್ ೧ರಂದು, ಉಳಿದೆರಡು ದಾರಿಗಳು ಜೂನ್ ತಿಂಗಳಲ್ಲಿ ಮತ್ತೆ ಪೂರ್ತಿಯಾಗಿ ತೆರೆದುವು. ಪುರಭವನದ ಪಕ್ಕದ ಉದ್ಯಾನದಲ್ಲಿ ಒಂದು ಸ್ತ್ರೀವಿಗ್ರಹವಿದೆ; ಅದರ ಗಡಿಯಾರವು ಆ ೫-೪೬ಕ್ಕೇ ನಿಂತಿದೆ. ಸ್ಟೇಷನ್ನಿನಲ್ಲಿ ಕ್ಷಣಕ್ಷಣವನ್ನೂ ಲೆಕ್ಕವಿಡುವ ಗಡಿಯಾರವನ್ನು ನೋಡಿ ಹೊರಟವನು ಕೆಲವೇ ನಿಮಿಷಗಳ ನಡಿಗೆಯಲ್ಲಿ ಮುಂದೆ ಹೋಗದ ಗಡಿಯಾರದ ಎದುರಿಗೆ ಬಂದು ನಿಲ್ಲುವನು.

ಶೋಕಿಸುವುದಕ್ಕೆ ಹಕ್ಕಿಲ್ಲದವನು ಶೋಕವನ್ನು ನಟಿಸುವುದು ಸುಳ್ಳು. ಪರಊರಿನ ದುಃಖವನ್ನು ನೋಟದ ಪಟ್ಟಿಯಲ್ಲಿ ಸೇರಿಸಿ, ಐದು ನಿಮಿಷ ತಲೆಬಾಗಿ, ಮುಂದಿನ ಸ್ಥಳಕ್ಕೆ ಓಡುವುದು ಸುಳ್ಳಿಗಿಂತಲೂ ಕೀಳು. ಹಾಗೆಂದು ಕಣ್ಣುಮುಚ್ಚಿಕೊಂಡು ಹೋಗುವುದೂ ಮನುಷ್ಯತ್ವವಲ್ಲ. ಇವುಗಳ ನಡುವಣ ದಾರಿಯನ್ನು ಕೋಬೆಯ ಜನರೇ ತೋರಿಸಿಕೊಟ್ಟಿದ್ದಾರೆ. ಮೆರಿಕೆನ್ ಉದ್ಯಾನವೆಂಬ ರೇವಿನ ತೋಟದಲ್ಲಿ ಭೂಕಂಪದಿಂದ ಒಡೆದು ಕಡಲಿಗೆ ವಾಲಿದ ಹಳೆಯ ಕಟ್ಟೆಯ ಸುಮಾರು ೬೦ ಮೀಟರು ಉದ್ದದ ಭಾಗವನ್ನು, ಬಾಗಿದ ದೀಪಸ್ತಂಭಗಳ ಸಮೇತ, ಇದ್ದಂತೆಯೇ ಉಳಿಸಿದ್ದಾರೆ. ಉಳಿದ ತೀರವನ್ನೆಲ್ಲ ಮತ್ತೆ ಕಟ್ಟಿದ್ದಾರೆ. ಅಲ್ಲಿ ಮಕ್ಕಳು ಓಡಾಡುವರು, ಮುದುಕರು ಬಿಸಿಲು ಕಾಯಿಸುವರು. ದುಃಖಕ್ಕೆ ಇಡೀ ತೀರವನ್ನು ಬಿಟ್ಟುಕೊಡಲಿಲ್ಲ; ಸಂತೋಷಕ್ಕೂ ಇಡೀ ತೀರವನ್ನು ಬಿಟ್ಟುಕೊಡಲಿಲ್ಲ. ನೆನಪಿಗೆ ಅಷ್ಟು ಎಡೆಯನ್ನು ಅಳೆದಿಟ್ಟು ಬದುಕನ್ನು ಮುಂದುವರಿಸಿದರು. ಬಂದು ನೋಡುವವನಿಂದ ಆ ಊರು ಬೇಡುವುದು ಕಣ್ಣೀರನ್ನಲ್ಲ, ಗಮನವನ್ನು. ಗಮನವಾದರೋ ಮುಂದಿನ ಗಂಟೆಯು ತುಂಬಿಹೋಗಿರುವವನಲ್ಲಿ ಹುಟ್ಟಲಾರದು.

ಗೊತ್ತುಮಾಡಿದ ಕ್ರಮವನ್ನು ಮುರಿಯುವ ಸ್ವಾತಂತ್ರ್ಯವನ್ನೂ ಇಲ್ಲಿ ವಿಚಾರಿಸಬೇಕು. ಸ್ವಾಮಿ ವಿವೇಕಾನಂದರು ೧೮೯೨ರಲ್ಲಿ ಬೆಂಗಳೂರು ಮೈಸೂರುಗಳಿಗೆ ಬಂದು, ದಿವಾನ್ ಶೇಷಾದ್ರಿ ಅಯ್ಯರವರ ಮತ್ತು ಮಹಾರಾಜರ ಆತಿಥ್ಯವನ್ನು ಪಡೆದುದು ಕನ್ನಡಿಗರಿಗೆ ತಿಳಿದ ವಿಷಯ. ಮರುವರ್ಷ ಅವರು ಮುಂಬಯಿಯಿಂದ ಅಮೆರಿಕಕ್ಕೆ ಹೊರಟು, ನಾಗಾಸಾಕಿಯನ್ನು ಕಂಡು ಕೋಬೆಗೆ ಬಂದಾಗ ಹಡಗನ್ನು ಅಲ್ಲಿಯೇ ಬಿಟ್ಟರು. ದೇಶದ ಒಳನಾಡನ್ನು ನೋಡಬೇಕೆಂಬ ಇಚ್ಛೆಯಿಂದ ಓಸಾಕಾ, ಕಿಯೋಟೋ, ಟೋಕಿಯೋಗಳ ಮೂಲಕ ನೆಲದ ದಾರಿಯಲ್ಲಿ ಯೋಕೊಹಾಮಾ ಮುಟ್ಟಿ, ಅಲ್ಲಿಂದ ಮುಂದಿನ ಹಡಗನ್ನು ಹತ್ತಿದರು. ಒಬ್ಬ ಸಂನ್ಯಾಸಿಯು ತನಗೆ ಬೇಕಾದಷ್ಟು ಎಡೆಯನ್ನು ಪ್ರಯಾಣದ ಕ್ರಮದೊಳಗಿಂದಲೇ ತೆಗೆದುಕೊಂಡ ಬಗೆ ಇದು. ಆದರೆ ಆ ಸ್ವಾತಂತ್ರ್ಯವು ಯಾವುದರ ಮೇಲೆ ನಿಂತಿತ್ತೆಂಬುದೂ ಮರೆಯತಕ್ಕದ್ದಲ್ಲ. ಟೋಕಿಯೋದಿಂದ ಕೋಬೆಯವರೆಗಿನ ರೈಲುದಾರಿಯು ೧೮೮೯ರಲ್ಲಿ ಪೂರ್ಣವಾಗಿತ್ತು. ಯೋಕೊಹಾಮಾದಿಂದ ಹಡಗು ಹೊರಡುವ ದಿನವು ಗೊತ್ತಾಗಿತ್ತು. ಎರಡು ತುದಿಗಳೂ ಭದ್ರವಾಗಿದ್ದುದರಿಂದಲೇ ನಡುವಿನ ದಾರಿಯನ್ನು ಬದಲಾಯಿಸುವುದು ಸಾಧ್ಯವಾಯಿತು. ಕ್ರಮವು ಸ್ವಾತಂತ್ರ್ಯದ ಶತ್ರುವೆನ್ನುವವರು ಈ ಸಂಗತಿಯನ್ನು ಯೋಚಿಸಬೇಕು. ಎಲ್ಲವನ್ನೂ ಗೊತ್ತುಮಾಡಿದವನು ಬದಲಾಯಿಸಲಾರನು. ಏನನ್ನೂ ಗೊತ್ತುಮಾಡದವನಿಗೆ ಬದಲಾಯಿಸಲು ಏನೂ ಇರುವುದಿಲ್ಲ.

ಹಾಗಾದರೆ ಆ ಗೃಹಸ್ಥನ ಕಾಗದದಲ್ಲಿ ಏನಿರಬೇಕು? ನಾಲ್ಕು ಸಂಗತಿಗಳಿದ್ದರೆ ಸಾಕು. ಜನಸಂದಣಿ ಕಡಮೆಯಾದ ಮೇಲೆ ಹೊರಡುವ ಹೊತ್ತು ಒಂದು. ಆ ದಿನಕ್ಕೆ ಕಾಣಬೇಕಾದ ಒಂದೇ ಮುಖ್ಯ ನೋಟ ಎರಡನೆಯದು. ತಾಯಿಗೆ ಮೆಟ್ಟಿಲು ಹತ್ತಲಾಗದಿದ್ದರೆ ಜಲಪಾತವನ್ನು ಇನ್ನೊಂದು ದಿನಕ್ಕೆ ಬಿಟ್ಟು ರೇವನ್ನು ಆರಿಸಿಕೊಳ್ಳತಕ್ಕದ್ದು. ಊಟಕ್ಕೂ ಕುಳಿತುಕೊಳ್ಳುವುದಕ್ಕೂ ಖಂಡಿತವಾಗಿ ಸಿಕ್ಕುವ ನೆರಳು ಮೂರನೆಯದು. ಯಾವ ಗಾಡಿಗಿಂತ ತಡವಾಗಬಾರದೆಂಬ ಎಲ್ಲೆಯು ನಾಲ್ಕನೆಯದು. ಆ ಎಲ್ಲೆಯೂ ಕೊನೆಯ ಗಾಡಿಯಾಗಿರಕೂಡದು. ಉಳಿದ ಕಾಗದವು ಬಿಳಿಯದಾಗಿಯೇ ಇರಲಿ. ಈ ನಾಲ್ಕನ್ನೂ ಅಳೆಯಬೇಕಾದುದು ಸಂಗಡಿಗರಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರ ಹೆಜ್ಜೆಯಿಂದ. ಗಟ್ಟಿಗನ ಹೆಜ್ಜೆಯಿಂದ ಅಳೆದ ದಿನದಲ್ಲಿ ಅಶಕ್ತರು ಅಪರಾಧಿಗಳಂತೆ ಹಿಂದೆ ಬೀಳುವರು. ಅಶಕ್ತರ ಹೆಜ್ಜೆಯಿಂದ ಅಳೆದ ದಿನದಲ್ಲಿ ಗಟ್ಟಿಗನಿಗೆ ದೊರೆಯುವ ಮಿಕ್ಕ ಹೊತ್ತೇ ಅವನ ಲಾಭ.

ಇಷ್ಟಾದರೂ ಒಂದು ಸಂದೇಹವು ಉಳಿಯುವುದು. ಸಾವಕಾಶವೆಂಬುದು ಬಿಡುವುಳ್ಳವರ ಸೊತ್ತಲ್ಲವೆ? ಗಾಡಿಯ ಚಾಲಕನಿಗೆ, ಊಟದ ಮನೆಯ ಅಡುಗೆಯವನಿಗೆ, ಉದ್ಯಾನವನ್ನು ಗುಡಿಸುವವಳಿಗೆ ಆ ದಿನ ವಿಹಾರವಿಲ್ಲ. ಒಬ್ಬನ ವಿರಾಮವು ಹತ್ತು ಮಂದಿಯ ದುಡಿಮೆಯ ಮೇಲೆ ನಿಂತಿದೆ. ಈ ಸಂದೇಹಕ್ಕೆ ಪೂರ್ಣವಾದ ಸಮಾಧಾನವಿಲ್ಲ. ಸಮಾಜದ ವ್ಯವಸ್ಥೆಯೇ ಬದಲಾಗುವವರೆಗೆ ಇರಲಾರದು. ಆದರೆ ಸಾಲವೆಂದು ಬಲ್ಲವನು ಸಾಲವನ್ನು ಬಳಸುವ ರೀತಿಯೇ ಬೇರೆ. ಅಡುಗೆಯವನನ್ನು ಅವಸರಪಡಿಸದಿರುವುದು, ಗುಡಿಸುವವಳಿಗೆ ದಾರಿ ಬಿಡುವುದು, ತಡವಾದ ಗಾಡಿಗಾಗಿ ಯಾರನ್ನೂ ಗದರದಿರುವುದು ಅವನಿಗೆ ಉಪಕಾರವಾಗಿ ತೋರದೆ 'ಬಡ್ಡಿ'ಯಾಗಿ ತೋರುವುವು. ತನಗೆ ದೊರೆತ ತೆರಪಿನಲ್ಲಿ ಸ್ವಲ್ಪವನ್ನಾದರೂ ಮುಂದಿನವರಿಗೆ ದಾಟಿಸದವನ ಸಾವಕಾಶವು ಕೇವಲ ಸೋಮಾರಿತನವಾಗಿ ಮುಗಿಯುವುದು.

ಆದುದರಿಂದ ವಿರಾಮವನ್ನು ಗೊತ್ತುಮಾಡಬಹುದೆ ಎಂಬ ಪ್ರಶ್ನೆಗೆ ಉತ್ತರವು ಇಷ್ಟು: ವಿರಾಮದಲ್ಲಿ ನಡೆಯುವುದನ್ನು ಗೊತ್ತುಮಾಡಲಾಗದು, ಅದು ನಡೆಯುವುದಕ್ಕೆ ಬೇಕಾದ ಎಡೆಯನ್ನು ಗೊತ್ತುಮಾಡಬಹುದು, ಮಾಡಲೂ ಬೇಕು. ನೂರಾರು ಮಂದಿಯ ಪ್ರಾಣಕ್ಕೆ ಹೊಣೆಯಾದ ವೇಳಾಪಟ್ಟಿಯೇ ಆ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿದೆ. ತಿದ್ದಿದ ಆ ಪಟ್ಟಿಯಲ್ಲಿ ಸೇರಿಸಿದ ತೆರಪು ನಿಲುಗಡೆಯೊಂದಕ್ಕೆ ಕೆಲವು ಕ್ಷಣಗಳಷ್ಟೇ ಇರಬಹುದು. ಓದುವವರ ಕಣ್ಣಿಗೆ ಅದು ಬೀಳುವುದೂ ಇಲ್ಲ. ಆದರೆ ಆ ಕೆಲವು ಕ್ಷಣಗಳಲ್ಲಿ ಒಬ್ಬ ಮುದುಕಿಯು ಕೋಲನ್ನೂರಿಕೊಂಡು, ಯಾರ ಕ್ಷಮೆಯನ್ನೂ ಬೇಡದೆ, ಗಾಡಿಯಿಂದ ಇಳಿಯಬಹುದು.